ಸ್ವಿಚ್ 2 ‘ನೆಕ್ಸ್ಟ್ ಜೆನ್’ ಹೌದೋ ಅಲ್ಲವೋ? ಪಿಎಸ್4 ಇರೋ ಮನೆಗೆ ಏನು ತರೋದು? ಬಳಸಿದವರು ಹೇಳಿ

ಪ್ರಶ್ನೆ – ಎಸ್.ಎಸ್. ಪುರಂ, ತುಮಕೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸೋನಿಯ ಪಿಎಸ್4 (ಪ್ಲೇಸ್ಟೇಷನ್ 4) ಸ್ಲಿಮ್ ಇದೆ, 500 ಜಿಬಿ. ಟಿವಿ 43 ಇಂಚು, 4ಕೆ, 60 ಹರ್ಟ್ಸ್. ಹೊಸ ಕನ್ಸೋಲ್‌ಗೆ 55 ಸಾವಿರ ಎತ್ತಿಟ್ಟಿದ್ದೀವಿ. ಅಂಗಡಿಯವರು ‘ನಿಂಟೆಂಡೊ ಸ್ವಿಚ್ 2 ತಗೊಳ್ಳಿ, ಈಗಿನ ನೆಕ್ಸ್ಟ್ ಜೆನ್ (ಮುಂದಿನ ಪೀಳಿಗೆ) ಅಂದ್ರೆ ಇದೇ’ ಅಂತಾರೆ. ತಮ್ಮ ‘ಅದು ಪಿಎಸ್4 ಮಟ್ಟದ್ದು, ಹೆಸರಿಗಷ್ಟೇ ಹೊಸದು’ ಅಂತಾನೆ. ಇನ್ನೊಬ್ಬರು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಾಕು ಅಂದ್ರು, ಮತ್ತೊಬ್ಬರು ಪಿಎಸ್5 ಪ್ರೋ ಬಿಟ್ಟು ಬೇರೆ ಯಾವುದೂ ನೆಕ್ಸ್ಟ್ ಜೆನ್ನೇ ಅಲ್ಲ ಅಂತ ವಾದಕ್ಕೆ ನಿಂತರು. ನಾವು ಆಡೋದು ಫುಟ್‌ಬಾಲ್, ಕಾರ್ ರೇಸ್, ಓಪನ್ ವರ್ಲ್ಡ್ (ಎಲ್ಲೆಂದರಲ್ಲಿ ಅಲೆದಾಡೋ ಆಟ). ಯಾರ ಮಾತು ಸರಿ?

ತಿಪಟೂರು

ತಮ್ಮನ ಮಾತಲ್ಲಿ ಅರ್ಧ ನಿಜ ಇದೆ, ಅಂಗಡಿಯವರ ಮಾತಲ್ಲೂ ಅರ್ಧ. ಮೊದಲು ತಮ್ಮನ ಕಡೆಯಿಂದ ನೋಡೋಣ. ಪಿಎಸ್4 ಗ್ರಾಫಿಕ್ಸ್ ತಾಕತ್ತು 1.84 ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡುತ್ತೆ ಅನ್ನೋ ಅಳತೆ). ಸ್ವಿಚ್ 2 ಕೈಯಲ್ಲಿ ಹಿಡಿದು ಆಡುವಾಗ ಸುಮಾರು 1.7, ಡಾಕ್‌ನಲ್ಲಿಟ್ಟು ಟಿವಿಗೆ ಕೊಟ್ಟಾಗ ಸುಮಾರು 3.1. ಪಿಎಸ್4 ಪ್ರೋ 4.2, ಪಿಎಸ್5 10.28. ಇದೊಂದೇ ಸಾಲು ಓದಿದರೆ ಸ್ವಿಚ್ 2 ಹಳೇ ಪಿಎಸ್4ಗೂ ಪ್ರೋಗೂ ನಡುವೆ ಬಂದು ಕೂರುತ್ತೆ.

ಆದರೆ ಉಳಿದ ಸಾಲುಗಳನ್ನೂ ಓದಬೇಕು. ಪಿಎಸ್4ನಲ್ಲಿ ಮೆಮೊರಿ 8 ಜಿಬಿ. ಸ್ವಿಚ್ 2ರಲ್ಲಿ 12, ಅದರಲ್ಲಿ 9 ಜಿಬಿ ಆಟಕ್ಕೇ ಮೀಸಲು. ಪಿಎಸ್4 ಒಳಗಿರೋದು ನಿಮಿಷಕ್ಕೆ 5400 ಸುತ್ತಿನ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್. ಅದು ಸೆಕೆಂಡಿಗೆ 100 ಎಂಬಿ ಓದಿದರೆ ಹೆಚ್ಚು. ಸ್ವಿಚ್ 2ರಲ್ಲಿ 256 ಜಿಬಿ ಯುಎಫ್‌ಎಸ್ ಫ್ಲ್ಯಾಶ್ ಇದೆ. ಚಿಪ್ ಎನ್‌ವಿಡಿಯಾದ್ದು, ರೇ ಟ್ರೇಸಿಂಗ್‌ಗೂ (ಬೆಳಕು, ನೆರಳು ನಿಜದ ಹಾಗೆ ಲೆಕ್ಕ ಹಾಕೋದು) ಡಿಎಲ್‌ಎಸ್‌ಎಸ್‌ಗೂ ಅದರೊಳಗೇ ಪ್ರತ್ಯೇಕ ಭಾಗಗಳಿವೆ. ಡಿಎಲ್‌ಎಸ್‌ಎಸ್ ಅಂದ್ರೆ ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ತಯಾರಿಸಿ, ಆಮೇಲೆ ಎಐ ಲೆಕ್ಕದಿಂದ ಹಿಗ್ಗಿಸೋದು. ಹಾಗಾಗಿ 3.1 ಟೆರಾಫ್ಲಾಪ್ ತೆರೆ ಮೇಲೆ ಅದಕ್ಕಿಂತ ಜಾಸ್ತಿ ಕಾಣುತ್ತೆ. ಪಿಎಸ್4ನಲ್ಲಿ ಇದಕ್ಕೆ ಬೇಕಾದ ಹಾರ್ಡ್‌ವೇರೇ ಇಲ್ಲ.

ಸ್ವಿಚ್ 2ರ ಸೊರಗಿದ ಜಾಗ ಸಿಪಿಯು (ಮುಖ್ಯ ಪ್ರೊಸೆಸರ್). 8 ಆರ್ಮ್ ಕೋರ್, 1 ಗಿಗಾಹರ್ಟ್ಸ್ ಆಸುಪಾಸು. ಪಿಎಸ್4ನ 1.6 ಗಿಗಾಹರ್ಟ್ಸ್ ಜಾಗ್ವಾರ್ ಕೋರ್‌ಗಿಂತ ಒಂದೊಂದು ಸುತ್ತಿಗೆ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ನಿಜ, ಆದರೆ ಪಿಎಸ್5ನ 3.5 ಗಿಗಾಹರ್ಟ್ಸ್ ಝೆನ್ 2 (ಎಎಂಡಿ ಪ್ರೊಸೆಸರ್‌ನ ಹೆಸರು, ‘ನೆಕ್ಸ್ಟ್ ಜೆನ್’ನ ಜೆನ್ ಅಲ್ಲ) ಮುಂದೆ ನಿಲ್ಲಲ್ಲ. ಜನಜಂಗುಳಿ, ಟ್ರಾಫಿಕ್ ಜಾಸ್ತಿ ಇರೋ ಓಪನ್ ವರ್ಲ್ಡ್ ಆಟಗಳಲ್ಲಿ ಫ್ರೇಮ್ ಕುಸಿಯೋದು ಇಲ್ಲೇ.

ಎರಡೂ ಕಡೆಯ ವಾದಕ್ಕೆ ಸೈಬರ್‌ಪಂಕ್ 2077 ಅನ್ನೋ ಓಪನ್ ವರ್ಲ್ಡ್ ಆಟ ಒಂದೇ ಸಾಕ್ಷಿ ಸಾಕು. 2020ರ ಡಿಸೆಂಬರ್‌ನಲ್ಲಿ ಪಿಎಸ್4ಗೆ ಬಂದಾಗ ಎಷ್ಟು ಕೆಟ್ಟದಾಗಿ ಓಡ್ತಿತ್ತು ಅಂದ್ರೆ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿ, ಮರುವರ್ಷ ಜೂನ್‌ನಲ್ಲಷ್ಟೇ ವಾಪಸ್ ಹಾಕಿತು. 2023ರಲ್ಲಿ ಅದರ ‘ಫ್ಯಾಂಟಮ್ ಲಿಬರ್ಟಿ’ ಭಾಗ ಬಂದಾಗ ಪಿಎಸ್4ಗೆ ಕೊಡಲೇ ಇಲ್ಲ. ಅದೇ ಭಾಗ ಸೇರಿದ ಪೂರ್ತಿ ಆಟ 2025ರ ಜೂನ್ 5ರಂದು, ಸ್ವಿಚ್ 2 ಬಿಡುಗಡೆಯಾದ ದಿನವೇ ಅದಕ್ಕೆ ಬಂತು. ಪಿಎಸ್4 ಹೊರಲಾರದ್ದನ್ನು ಇದು ಹೊತ್ತಿದೆ.

ಕುಣಿಗಲ್

ಟೆರಾಫ್ಲಾಪ್ ಹಿಡ್ಕೊಂಡು ಕೂತರೆ ಎಕ್ಸ್‌ಬಾಕ್ಸ್ ವಿಷಯದಲ್ಲಿ ಎಡವುತ್ತೀರ. 2017ರ ಎಕ್ಸ್‌ಬಾಕ್ಸ್ ಒನ್ ಎಕ್ಸ್ 6 ಟೆರಾಫ್ಲಾಪ್, 12 ಜಿಬಿ ಮೆಮೊರಿ. 2020ರ ಸೀರೀಸ್ ಎಸ್ 4 ಟೆರಾಫ್ಲಾಪ್, 10 ಜಿಬಿ. ಎರಡರಲ್ಲೂ ಹಳೆಯದೇ ಮೇಲು. ಹಳೇ ಎಕ್ಸ್‌ಬಾಕ್ಸ್ ಒನ್ ಆಟ ಹಾಕಿದರೆ ಸೀರೀಸ್ ಎಸ್ ಓಡಿಸೋದು ಒನ್ ಎಸ್‌ಗೆ ಮಾಡಿದ ಆವೃತ್ತಿಯನ್ನ. ಒನ್ ಎಕ್ಸ್‌ಗೆ ಮಾಡಿದ 4ಕೆ ಸುಧಾರಣೆ ಅದರಲ್ಲಿ ಬರಲ್ಲ, ಮೆಮೊರಿ ಸಾಲದು. ಆದರೂ ಹೊಸ ಪೀಳಿಗೆ ಸೀರೀಸ್ ಎಸ್ಸೇ. ಝೆನ್ 2 ಸಿಪಿಯು ಇದೆ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸ್ಟೋರೇಜ್) ಇದೆ, ಹೊಸ ಆಟಗಳು ಅದಕ್ಕೆ ಬರುತ್ತೆ, ಒನ್ ಎಕ್ಸ್‌ಗೆ ಬಹುಪಾಲು ಬರಲ್ಲ. ವಾದ ಅಲ್ಲಿಗೆ ಮುಗೀತು.

ಶಿರಾ ಗೇಟ್, ತುಮಕೂರು

ಈ ಜಗಳ ಸ್ವಿಚ್ 2ರಿಂದ ಶುರುವಾಗಿದ್ದಲ್ಲ. ನಿಂಟೆಂಡೊ ಹೊಸ ಪೆಟ್ಟಿಗೆ ತಂದಾಗಲೆಲ್ಲ ನಡೆಯೋದೇ. 2006ರ ವೀ ಒಳಗಿದ್ದದ್ದು ಹೆಚ್ಚುಕಡಿಮೆ 2001ರ ಗೇಮ್‌ಕ್ಯೂಬ್ ತಾಕತ್ತು. ಎಚ್‌ಡಿ ಚಿತ್ರವೂ ಇರಲಿಲ್ಲ. ಆದರೂ ಪಿಎಸ್3, ಎಕ್ಸ್‌ಬಾಕ್ಸ್ 360 ಜೊತೆಗೆ 7ನೇ ಪೀಳಿಗೆ ಅಂತಲೇ ಲೆಕ್ಕ, ಮಾರಾಟ 10 ಕೋಟಿ ದಾಟಿತು. 2012ರ ನವೆಂಬರ್‌ನಲ್ಲಿ ವೀ ಯು ಬಂತು. ಪಿಎಸ್4ಗಿಂತ ಒಂದು ವರ್ಷ ಮೊದಲು ಬಂದಿದ್ದರಿಂದ ಇಸವಿ ನೋಡಿದವರು 8ನೇ ಪೀಳಿಗೆಯ ಮೊದಲ ಕನ್ಸೋಲ್ ಅಂದ್ರು, ಚಿಪ್ ನೋಡಿದವರು ಪಿಎಸ್3 ಮಟ್ಟದ್ದು ಅಂದ್ರು. ಕೊನೆಗೆ ಮಾರಾಟವಾಗಿದ್ದು 1.36 ಕೋಟಿ ಅಷ್ಟೇ.

ನಿಮ್ಮದು ಫುಟ್‌ಬಾಲ್ ಅಂದ್ರಲ್ಲ, ಅದರಲ್ಲೇ ಒಂದು ತಮಾಷೆ ಇದೆ. ವೀ ಯುಗೆ ಫಿಫಾ 13 ಬಂತು. ಮರುವರ್ಷ ಫಿಫಾ 14 ಬರಲಿಲ್ಲ. ಆದರೆ ಅದೇ ಫಿಫಾ 14, 2000ದಲ್ಲಿ ಬಂದಿದ್ದ ಪಿಎಸ್2ಗೆ ಬಂತು! ‘ಹೊಸ ಪೀಳಿಗೆ’ ಕನ್ಸೋಲ್ ಕೊಂಡವರಿಗೆ ಇಲ್ಲ, 13 ವರ್ಷ ಹಳೇ ಪೆಟ್ಟಿಗೆಯವರಿಗೆ ಇದೆ. ಅದಕ್ಕೇ ಪೀಳಿಗೆಯ ನಂಬರ್ ನೋಡಿ ದುಡ್ಡು ಹಾಕಬೇಡಿ ಅನ್ನೋದು. ಈ 7, 8, 9 ಅನ್ನೋದು ಕಂಪನಿಗಳು ಪೆಟ್ಟಿಗೆ ಮೇಲೆ ಅಚ್ಚು ಹಾಕಿದ್ದೇನಲ್ಲ. ಪತ್ರಿಕೆಯವರೂ ಅಭಿಮಾನಿಗಳೂ ಇಸವಿ ಹಿಡಿದು ಪಟ್ಟಿ ಮಾಡಿಕೊಂಡಿದ್ದು.

ನೋಡಬೇಕಾದ್ದು ಇಷ್ಟೇ: ನಿಮ್ಮ ಈಗಿನ ಕನ್ಸೋಲ್‌ಗೆ ಬರದ ಯಾವ ಆಟ ಇದಕ್ಕೆ ಬರುತ್ತೆ, ಮುಂದಿನ ಮೂರ್ನಾಲ್ಕು ವರ್ಷ ಬರ್ತಾನೇ ಇರುತ್ತಾ?

ಗುಬ್ಬಿ

ಶಿರಾ ಗೇಟ್‌ನವರ ಪ್ರಶ್ನೆಗೆ ನೀವು ಆಡೋ ಮೂರೂ ಬಗೆ ಹಾಕಿ ನೋಡಿದ್ದು:

ಫುಟ್‌ಬಾಲ್: ಎಫ್‌ಸಿ 26 (ಹಿಂದಿನ ‘ಫಿಫಾ’ ಆಟದ ಈಗಿನ ಹೆಸರು) ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್ 2 ಎಲ್ಲಕ್ಕೂ ಬಂದಿದೆ. ಹೆಸರು ಒಂದೇ, ಒಳಗಿನ ಆಟ ಒಂದೇ ಅಲ್ಲ. ನಿಜವಾದ ಪಂದ್ಯದಿಂದ ಆಟಗಾರರ ಚಲನೆ ಹಿಡಿದು ತಂದ ಹೈಪರ್‌ಮೋಷನ್ ಪಿಎಸ್5, ಸೀರೀಸ್ ಎಕ್ಸ್/ಎಸ್ ಮತ್ತು ಪಿಸಿಗೆ ಮಾಡಿದ್ದು, ಪಿಎಸ್4ನಲ್ಲಿ ಇಲ್ಲ. ಬರೀ ಫುಟ್‌ಬಾಲ್‌ಗಾಗಿ ಆದರೆ 55 ಸಾವಿರ ಹಾಕೋ ಅವಸರ ಏನಿಲ್ಲ.

ರೇಸ್: ಗ್ರ್ಯಾನ್ ಟುರಿಸ್ಮೊ 7 ಪಿಎಸ್4ಗೂ ಇದೆ. ಫೋರ್ಜಾ ಹೊರೈಜನ್ 5 ಮೊದಲು ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಇತ್ತು, 2025ರ ಏಪ್ರಿಲ್‌ನಲ್ಲಿ ಪಿಎಸ್5ಗೆ ಬಂತು, ಪಿಎಸ್4ಗೆ ಬರಲಿಲ್ಲ. ಸ್ವಿಚ್ 2ರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ ಇದೆ. ಆಟ ಚೆನ್ನಾಗಿದೆ, ಆದರೆ ಗ್ರ್ಯಾನ್ ಟುರಿಸ್ಮೊ ರುಚಿ ಹತ್ತಿದವರಿಗೆ ಅದು ಬೇರೆಯೇ ಲೋಕ.

ಓಪನ್ ವರ್ಲ್ಡ್: ಜಿಟಿಎ 6 ಘೋಷಣೆಯಾಗಿರೋದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡಕ್ಕೇ. ಇದೊಂದೇ ಸಾಲಿಗೆ ನಿಮ್ಮ ಅರ್ಧ ಪ್ರಶ್ನೆ ಬಗೆಹರಿಯುತ್ತೆ.

ಹಾಗಾಗಿ ಸ್ವಿಚ್ ಇಟ್ಟುಕೊಂಡವರಿಗೆ ಸ್ವಿಚ್ 2 ಖಂಡಿತ ಮುಂದಿನ ಪೀಳಿಗೆ. ಪಿಎಸ್4 ಇಟ್ಟುಕೊಂಡವರಿಗೆ ಅದು ಪಕ್ಕದ ಬೀದಿ.

ಮಧುಗಿರಿ

ಪಿಎಸ್5 ಪ್ರೋ ಒಂದೇ ನೆಕ್ಸ್ಟ್ ಜೆನ್ ಅಂದವರಿಗೆ: ಅದರಲ್ಲಿ ಸಿಪಿಯು ಅದೇ ಝೆನ್ 2. ಗ್ರಾಫಿಕ್ಸ್ 16.7 ಟೆರಾಫ್ಲಾಪ್‌ಗೆ ಏರಿಸಿ, 2 ಟಿಬಿ ಎಸ್‌ಎಸ್‌ಡಿ ಕೊಟ್ಟು, ಪಿಎಸ್‌ಎಸ್‌ಆರ್ ಅನ್ನೋ ಎಐ ಹಿಗ್ಗಿಸುವಿಕೆ ಸೇರಿಸಿದ್ದಾರೆ. ಪ್ರೋದಲ್ಲಿ ಮಾತ್ರ ಓಡುವ ಆಟ ಅಂತ ಇಲ್ಲ. ಪಿಎಸ್4ಗೆ ಪಿಎಸ್4 ಪ್ರೋ ಹೇಗೋ ಇದೂ ಹಾಗೇ, ನಡುಗಾಲದ ಸುಧಾರಣೆ. 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಿಗೆ ಬಂದಾಗ ಭಾರತಕ್ಕೆ ಬರಲೂ ಇಲ್ಲ; ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಆಗ ಇಲ್ಲಿ ಅನುಮತಿ ಇರಲಿಲ್ಲ. ಆಮದು ಮಾಡಿದ್ದನ್ನು ಯಾರಾದರೂ ತೋರಿಸಿದರೆ ವಾರಂಟಿ ಯಾರದು ಅಂತ ಮೊದಲು ಕೇಳಿ. ನಿಮ್ಮ 43 ಇಂಚಿನ 60 ಹರ್ಟ್ಸ್ ಟಿವಿಯಲ್ಲಿ, ಎಂಟಡಿ ದೂರ ಕೂತು, ಪಿಎಸ್5ಗೂ ಪ್ರೋಗೂ ವ್ಯತ್ಯಾಸ ಹುಡುಕೋಕೆ ಕಣ್ಣು ಕಿರಿದು ಮಾಡ್ಕೋಬೇಕು.

ಟಿವಿ ಮಾತು ಬಂತಲ್ಲ. ‘120 ಎಫ್‌ಪಿಎಸ್’ (ಸೆಕೆಂಡಿಗೆ 120 ಚಿತ್ರ) ಅಂತ ಪೆಟ್ಟಿಗೆ ಮೇಲೆ ಬರೆದಿರೋದು ನಿಮ್ಮ ಟಿವಿಯಲ್ಲಿ ಬರಲ್ಲ, ಅದಕ್ಕೆ 120 ಹರ್ಟ್ಸ್ ಪ್ಯಾನೆಲ್ ಬೇಕು. 4ಕೆ 60 ಎಚ್‌ಡಿಆರ್ ಬರುತ್ತೆ, ಆದರೆ ತಾನಾಗೇ ಬರಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಆ ಎಚ್‌ಡಿಎಂಐ ಪೋರ್ಟ್‌ಗೆ ಪೂರ್ತಿ ಬ್ಯಾಂಡ್‌ವಿಡ್ತ್ ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಇದನ್ನು ಹಾಕದೆ ‘ಹೊಸ ಕನ್ಸೋಲ್ ಪಿಎಸ್4 ಥರಾನೇ ಕಾಣ್ತಿದೆ’ ಅನ್ನೋರೇ ಬಹಳ. ಕೆಲವು ಅಗ್ಗದ ಟಿವಿಗಳಲ್ಲಿ ಒಂದೇ ಪೋರ್ಟ್ ಇದಕ್ಕೆ ಒಗ್ಗುತ್ತೆ. ಪೋರ್ಟ್ ಪಕ್ಕ ‘4ಕೆ 60’ ಅಂತ ಅಚ್ಚಾಗಿದೆಯಾ ನೋಡಿ. ಆಮೇಲೆ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ರೆ ಬಟನ್ ಒತ್ತಿದ್ದಕ್ಕೂ ಚೆಂಡು ಹೋಗೋದಕ್ಕೂ ನಡುವೆ ಎಳೆತ ಇರುತ್ತೆ, ಪೆನಾಲ್ಟಿ ಹೊಡೆಯುವಾಗ ಗೊತ್ತಾಗುತ್ತೆ.

ಕೇಬಲ್ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಹಾಕಿ. ಸೆಟ್ ಟಾಪ್ ಬಾಕ್ಸ್‌ನ ಹಳೇ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ತೆರೆ ಆಗಾಗ ಕಪ್ಪಾಗಿ ಮಿಟುಕುತ್ತೆ, ತಪ್ಪು ಕನ್ಸೋಲ್ ಮೇಲೆ ಬರುತ್ತೆ.

ಟೌನ್ ಹಾಲ್ ಹತ್ತಿರ, ರಿಪೇರಿ ಕೆಲಸದವರು

ಜೆನ್ ಜಗಳ ನೀವು ನೋಡ್ಕೊಳ್ಳಿ ಸ್ವಾಮಿ. ತಂದ ಮೇಲೆ ಕೆಡದ ಹಾಗೆ ನೋಡ್ಕೊಳ್ಳೋದು ಹೇಳ್ತೀನಿ.

ಕರೆಂಟ್: ಪಿಎಸ್5 ಭಾರೀ ಆಟ ಓಡಿಸುವಾಗ 200 ವಾಟ್ ಆಸುಪಾಸು ಎಳೆಯುತ್ತೆ. 43 ಇಂಚಿನ ಟಿವಿ 80ರಿಂದ 100. ಒಟ್ಟು 300. ಕಂಪ್ಯೂಟರ್‌ಗೆ ಅಂತ ಸಿಗೋ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವಾಟ್. ಬ್ಯಾಟರಿ ಒಂದು ವರ್ಷ ಹಳೇದಾಯ್ತು ಅಂದ್ರೆ ಕರೆಂಟ್ ಹೋದ ತಕ್ಷಣ ಕೀಂಯ್ ಅಂತ ಕೂಗಿ ಅದೂ ಆಫ್. 1000 ಅಥವಾ 1100 ವಿಎ ತಗೊಳ್ಳಿ, ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡೋಕೆ ಹತ್ತು ನಿಮಿಷ ಸಿಕ್ಕರೆ ಸಾಕು. ಮನೆ ಇನ್ವರ್ಟರ್ ಮೇಲೆ ಓಡಿಸೋದಾದ್ರೆ ಸೈನ್ ವೇವ್ ಆಗಿರಲಿ, ಬದಲಾವಣೆ ವೇಗಕ್ಕೆ ‘ಯುಪಿಎಸ್ ಮೋಡ್’ ಸ್ವಿಚ್ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಬೇಡಿ, ಪವರ್ ಸಪ್ಲೈ ಗುಂಯ್ ಅನ್ನುತ್ತೆ, ಬಿಸಿಯಾಗುತ್ತೆ. ಈ ಒಂದು ವಿಷಯದಲ್ಲಿ ಸ್ವಿಚ್ 2 ರಾಜ: ಬ್ಯಾಟರಿ ಒಳಗೇ ಇದೆ, ಟಿವಿ ಆರಿದರೂ ಕೈಗೆತ್ತಿಕೊಂಡು ಆಡಬಹುದು. ಕಂಪನಿ ಹೇಳೋದು 2ರಿಂದ 6.5 ಗಂಟೆ, ಭಾರೀ ಆಟಕ್ಕೆ 2 ಅಂತಲೇ ಇಟ್ಕೊಳ್ಳಿ.

ಕರೆಂಟ್ ತಟಕ್ಕನೆ ಹೋಗಿ ಬಂದಾಗ ಪಿಎಸ್5 ಸ್ಟೋರೇಜ್ ಪರೀಕ್ಷೆ ಮಾಡ್ತೀನಿ ಅನ್ನುತ್ತೆ, ಮಾಡೋಕೆ ಬಿಡಿ. ಆಮೇಲೂ ಆಟಗಳ ಪಟ್ಟಿ ಬರೋದು ನಿಧಾನ ಆದರೆ: ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿದು ಎರಡನೇ ಬೀಪ್ ಬಂದ ಮೇಲೆ ಬಿಡಿ, ಸುಮಾರು 7 ಸೆಕೆಂಡ್ ಆಗುತ್ತೆ. ಕಂಟ್ರೋಲರ್ ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿ ಪಿಎಸ್ ಬಟನ್ ಒತ್ತಿ. ಸೇಫ್ ಮೋಡ್ ಬರುತ್ತೆ, ಅದರಲ್ಲಿ ‘ರೀಬಿಲ್ಡ್ ಡೇಟಾಬೇಸ್’ ಆರಿಸಿ. ಆಟ, ಸೇವ್ ಯಾವುದೂ ಹೋಗಲ್ಲ. ಅದೇ ಪಟ್ಟಿಯಲ್ಲಿ ‘ರೀಸೆಟ್’ ಅಂತ ಇರೋದನ್ನ ಮುಟ್ಟಬೇಡಿ, ಅದು ಎಲ್ಲ ಅಳಿಸುತ್ತೆ.

ಧೂಳು: ಪಿಎಸ್5 ಸೈಡ್ ಕವರ್ ತೆಗೆದರೆ ಧೂಳು ಕೂರೋಕೆ ಅಂತಲೇ ಮಾಡಿದ ತೂತುಗಳಿವೆ, ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಿರಿ. ಬ್ಲೋವರ್ ಇಟ್ಟು ಊದಬೇಡಿ, ಫ್ಯಾನ್ ವಿಪರೀತ ತಿರುಗಿ ಬೇರಿಂಗ್ ಹಾಳು. ಶೋಕೇಸ್ ಗಾಜಿನೊಳಗೆ ಇಡಬೇಡಿ, ಗೋಡೆಯಿಂದ 10 ಸೆಂಟಿಮೀಟರ್ ಬಿಡಿ. ಹೀಟ್ ಸಿಂಕ್ ಬಿಚ್ಚೋ ಆಸೆ ಬೇಡವೇ ಬೇಡ. ಚಿಪ್ ಮೇಲೆ ಇರೋದು ಪೇಸ್ಟ್ ಅಲ್ಲ, ದ್ರವ ಲೋಹ. ಬೋರ್ಡ್ ಮೇಲೆ ಒಂದು ಹನಿ ಹರಿದರೆ ಶಾರ್ಟ್ ಆಗುತ್ತೆ. ಪಿಎಸ್4ಗೆ ಪೇಸ್ಟ್ ಬದಲಾಯಿಸಿದೀನಿ ಅನ್ನೋ ಧೈರ್ಯದಲ್ಲಿ ಇದಕ್ಕೆ ಕೈ ಹಾಕಿದ ಬೋರ್ಡ್‌ಗಳು ಸತ್ತೇ ಬರೋದು.

ಪಾವಗಡ

ಊರಲ್ಲಿ ನೆಟ್ ಹೇಗಿದೆ ಅನ್ನೋದು ಜೆನ್‌ಗಿಂತ ಮುಖ್ಯ. ಈಗಿನ ಒಂದು ದೊಡ್ಡ ಆಟ 100 ಜಿಬಿ ಅಂತ ಇಟ್ಕೊಳ್ಳಿ. 100 ಎಂಬಿಪಿಎಸ್ ಫೈಬರ್ ಪೂರ್ತಿ ವೇಗ ಕೊಟ್ಟರೆ ಸೆಕೆಂಡಿಗೆ 12.5 ಎಂಬಿ, ಎರಡೂಕಾಲು ಗಂಟೆ. 40 ಎಂಬಿಪಿಎಸ್ ಆದರೆ ಐದೂವರೆ ಗಂಟೆ. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್ ನಂಬಿಕೊಂಡರೆ 50 ದಿನ. ಫೈಬರ್ ಇಲ್ಲದವರು ಡಿಸ್ಕ್ ಇರೋ ಮಾದರಿ ಬಿಟ್ಟು ಬೇರೆ ಕಡೆ ನೋಡಲೇಬೇಡಿ. ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲವೇ ಇಲ್ಲ, ಪಿಎಸ್5 ಡಿಜಿಟಲ್‌ಗೆ ಆಮೇಲೆ ಸೇರಿಸಬಹುದು (ಸ್ಲಿಮ್ ಮಾದರಿಗೆ ಮಾತ್ರ, ಮೊದಲ ಸಲ ಜೋಡಿಸಲು ಅದಕ್ಕೂ ಇಂಟರ್ನೆಟ್ ಬೇಕು).

ಸ್ವಿಚ್ 2 ಕಾರ್ಡ್ ತಗೊಂಡರೆ ಡೌನ್‌ಲೋಡ್ ಬೇಡ ಅಂದ್ಕೊಳ್ಳಬೇಡಿ. ‘ಗೇಮ್ ಕೀ ಕಾರ್ಡ್’ ಅಂತ ಒಂದು ಬಗೆ ಇದೆ. ಕಾರ್ಡ್ ಒಳಗೆ ಆಟ ಇರಲ್ಲ, ಬೀಗದ ಕೈ ಅಷ್ಟೇ. ಆಟ ಪೂರ್ತಿ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಪೆಟ್ಟಿಗೆಯ ಮುಂಭಾಗದಲ್ಲಿ ಕೆಳಗಡೆ ಪಟ್ಟಿಯಲ್ಲಿ ಬೀಗದ ಕೈ ಚಿಹ್ನೆ ಇರುತ್ತೆ, ನೋಡಿ ತಗೊಳ್ಳಿ. ಸೈಬರ್‌ಪಂಕ್ ಮಾತ್ರ 64 ಜಿಬಿ ಕಾರ್ಡ್‌ನಲ್ಲೇ ಪೂರ್ತಿ ಕೊಟ್ಟಿದ್ದಾರೆ, ಪುಣ್ಯಾತ್ಮರು.

256 ಜಿಬಿ ಬೇಗ ತುಂಬುತ್ತೆ. ಮೊಬೈಲ್‌ಗೆ ಹಾಕೋ ಮಾಮೂಲಿ ಮೈಕ್ರೊ ಎಸ್‌ಡಿ ಕಾರ್ಡ್ ಸ್ವಿಚ್ 2ರಲ್ಲಿ ಆಟ ಇಡೋಕೆ ಬರಲ್ಲ, ಹಳೇ ಸ್ವಿಚ್‌ನ ಫೋಟೊ ವಿಡಿಯೊ ತರೋಕಷ್ಟೇ. ‘ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್’ ಬೇಕು, ಕಾರ್ಡ್ ಮೇಲೆ ಇಂಗ್ಲಿಷಿನಲ್ಲಿ ‘ಇ ಎಕ್ಸ್’ ಗುರುತು ಇರುತ್ತೆ. ಬೆಲೆ ಮಾಮೂಲಿದಕ್ಕಿಂತ ಎಷ್ಟೋ ಜಾಸ್ತಿ, ಬಜೆಟ್ ಹಾಕುವಾಗ ಮರೀಬೇಡಿ.

ಕ್ಯಾತ್ಸಂದ್ರ

ಸ್ವಿಚ್ 2 ತಗೊಳ್ಳೋರು ಇದನ್ನ ಓದಿ. ನಿಂಟೆಂಡೊಗೆ ಭಾರತದಲ್ಲಿ ಅಧಿಕೃತ ಮಾರಾಟ ಇಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಇರಲಿ, ಇಲ್ಲಿನ ಅಂಗಡಿ ಇರಲಿ, ಸಿಗೋದೆಲ್ಲ ಹೊರಗಿಂದ ತಂದದ್ದು. ಅದರಲ್ಲಿ ಜಪಾನಿನ ಅಗ್ಗದ ಮಾದರಿ ಒಂದಿದೆ, 2025ರಲ್ಲಿ ಬಿಡುಗಡೆಯಾದಾಗ ಅಲ್ಲಿ 49,980 ಯೆನ್ ಇತ್ತು. ಅದರಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಬರಲ್ಲ, ಜಪಾನ್ ಖಾತೆ ಬಿಟ್ಟು ಬೇರೆ ಖಾತೆ ಹಿಡಿಯಲ್ಲ. ಸೆಟ್ಟಿಂಗ್‌ನಲ್ಲಿ ಬದಲಾಯಿಸೋ ದಾರಿಯೂ ಇಲ್ಲ. ಅದೇ ಜಪಾನಿನಲ್ಲಿ ಎಲ್ಲ ಭಾಷೆಯ ಮಾದರಿಗೆ ಆಗ 69,980 ಯೆನ್ ಇತ್ತು. ‘ಬೇರೆ ಕಡೆಗಿಂತ ಹತ್ತು ಸಾವಿರ ಕಮ್ಮಿ’ ಅಂತ ಯಾರಾದ್ರೂ ಅಂದ್ರೆ ದುಡ್ಡು ಕೊಡೋ ಮುಂಚೆ ಆನ್ ಮಾಡಿಸಿ, ಮೊದಲ ತೆರೆಯಲ್ಲೇ ಇಂಗ್ಲಿಷ್ ಆಯ್ಕೆ ಇದೆಯಾ ನೋಡಿ.

ಚಾರ್ಜರ್ 100ರಿಂದ 240 ವೋಲ್ಟ್‌ದೇ, ಸುಡಲ್ಲ. ಚಪ್ಪಟೆ ಪಿನ್‌ಗೆ ಒಂದು ಗಟ್ಟಿ ಅಡಾಪ್ಟರ್ ಬೇಕು. ಸಡಿಲ ಅಡಾಪ್ಟರ್‌ನಲ್ಲಿ ಕಿಡಿ ಹಾರಿದರೆ ಡಾಕ್ ಚಿತ್ರ ಕೊಡೋದು ನಿಲ್ಲಿಸುತ್ತೆ. ಮೊಬೈಲ್ ಚಾರ್ಜರ್ ಡಾಕ್‌ಗೆ ಚುಚ್ಚಿ ಟಿವಿಯಲ್ಲಿ ಬರ್ತಿಲ್ಲ ಅಂತ ಕೇಳೋರಿಗೆ: ಡಾಕ್‌ಗೆ ಅದರದ್ದೇ 60 ವಾಟ್ ಚಾರ್ಜರ್ ಹಾಕಿ. ಇ-ಶಾಪ್‌ನ (ನಿಂಟೆಂಡೊದ ಆನ್‌ಲೈನ್ ಅಂಗಡಿ) ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಬೇರೆ ದೇಶದ ಖಾತೆ ತೆರೆದು ಆ ದೇಶದ ಗಿಫ್ಟ್ ಕಾರ್ಡ್ ಹಾಕಿ ಕೊಳ್ಳೋದೇ ಎಲ್ಲರೂ ಮಾಡ್ತಿರೋದು. ಆಟದ ಬೆಲೆಯೂ ಡಾಲರ್ ಲೆಕ್ಕ, ಮಾರಿಯೋ ಕಾರ್ಟ್ ವರ್ಲ್ಡ್ 2025ರಲ್ಲಿ ಅಮೆರಿಕದಲ್ಲಿ 79.99 ಇತ್ತು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಹಾಗಾದ್ರೆ ಪಿಎಸ್5 ಕಡೆಗೇ ವಾಲ್ತಿದೀವಿ. ಪಿಎಸ್4ನ ಹನ್ನೆರಡು ಡಿಸ್ಕ್ ಇದೆ, ಎರಡು ಕಂಟ್ರೋಲರ್, 1 ಟಿಬಿ ಯುಎಸ್‌ಬಿ ಹಾರ್ಡ್ ಡಿಸ್ಕ್. ಇದರಲ್ಲಿ ಏನು ಉಳಿಯುತ್ತೆ, ಏನು ಮೂಲೆಗೆ?

ತಿಪಟೂರು

ಡಿಸ್ಕ್: ಡ್ರೈವ್ ಇರೋ ಪಿಎಸ್5ನಲ್ಲಿ ಪಿಎಸ್4 ಡಿಸ್ಕ್ ಓಡುತ್ತೆ. ಕೆಲವು ಆಟಗಳಿಗೆ ಪಿಎಸ್5 ಆವೃತ್ತಿ ಪುಕ್ಕಟೆ, ಕೆಲವಕ್ಕೆ ಸಣ್ಣ ಮೊತ್ತ; ಗಾಡ್ ಆಫ್ ವಾರ್ ರ‍್ಯಾಗ್ನರಾಕ್‌ಗೆ ಅಮೆರಿಕದಲ್ಲಿ 10 ಡಾಲರ್ ಇಟ್ಟಿದ್ದರು. ಹಾಗೆ ಮೇಲ್ದರ್ಜೆಗೆ ಏರಿಸಿದ ಮೇಲೂ ಆಡುವಾಗಲೆಲ್ಲ ಆ ಪಿಎಸ್4 ಡಿಸ್ಕ್ ಒಳಗಿರಬೇಕು. ಹಾಗಾಗಿ ಅಪ್‌ಗ್ರೇಡ್ ಆಯ್ತು ಅಂತ ಡಿಸ್ಕ್ ಮಾರಿಬಿಡಬೇಡಿ. ನೀವು ಡಿಜಿಟಲ್ ಮಾದರಿ ತಂದರೆ ಹನ್ನೆರಡೂ ದಂಡ.

ಕಂಟ್ರೋಲರ್: ಪಿಎಸ್4ನ ಡ್ಯುಯಲ್‌ಶಾಕ್ 4 ಪಿಎಸ್5ಗೆ ಸೇರುತ್ತೆ, ಆದರೆ ಪಿಎಸ್4 ಆಟಗಳಿಗೆ ಮಾತ್ರ. ಎಫ್‌ಸಿಯ ಪಿಎಸ್5 ಆವೃತ್ತಿ ಇಬ್ಬರೂ ಆಡಬೇಕು ಅಂದ್ರೆ ಇನ್ನೊಂದು ಡ್ಯುಯಲ್‌ಸೆನ್ಸ್ ಬೇಕು, ಆರು ಸಾವಿರದ ಆಸುಪಾಸು. ಇದನ್ನ ಬಜೆಟ್‌ನಲ್ಲಿ ಈಗಲೇ ಸೇರಿಸಿ.

ಹಾರ್ಡ್ ಡಿಸ್ಕ್: ಉಪಯೋಗಕ್ಕಿದೆ. ಪಿಎಸ್4 ಆಟಗಳನ್ನು ಅದರಿಂದಲೇ ಆಡಬಹುದು. ಪಿಎಸ್5 ಆಟಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದಷ್ಟೇ, ಆಡೋಕೆ ಒಳಗಿನ ಎಸ್‌ಎಸ್‌ಡಿಗೆ ನಕಲು ಮಾಡ್ಕೋಬೇಕು. 100 ಜಿಬಿ ಮತ್ತೆ ಇಳಿಸೋದಕ್ಕಿಂತ ಬೇಗ.

ಸೇವ್: ಎರಡೂ ಕನ್ಸೋಲ್ ಒಂದೇ ರೌಟರ್‌ಗೆ ಲ್ಯಾನ್ ಕೇಬಲ್‌ನಲ್ಲಿ ಹಾಕಿ, ಒಂದೇ ಖಾತೆಯಲ್ಲಿ ಲಾಗಿನ್ ಆಗಿ, ಪಿಎಸ್5ನಲ್ಲಿ ಡೇಟಾ ಟ್ರಾನ್ಸ್‌ಫರ್ ಕೊಡಿ. ಪೆನ್ ಡ್ರೈವ್‌ನಲ್ಲೂ ಪಿಎಸ್4 ಸೇವ್ ಒಯ್ಯಬಹುದು. ಪಿಎಸ್5 ಆಟದ ಸೇವ್ ಮಾತ್ರ ಹಾಗೆ ಒಂದೊಂದಾಗಿ ಪೆನ್ ಡ್ರೈವ್‌ಗೆ ಬರಲ್ಲ, ಸಾಮಾನ್ಯ ದಾರಿ ಪಿಎಸ್ ಪ್ಲಸ್ (ಸೋನಿಯ ಚಂದಾ ಸೇವೆ) ಕ್ಲೌಡ್. ಪಿಎಸ್4 ಮಾರೋ ಆತುರದಲ್ಲಿ ಸೇವ್ ತರೋದಕ್ಕಿಂತ ಮುಂಚೆ ಅದನ್ನ ಅಳಿಸಿಬಿಡಬೇಡಿ.

ಕುಣಿಗಲ್

ಎಸ್‌ಎಸ್‌ಡಿ ಹೆಚ್ಚಿಸೋದೂ ಸೇರಿಸ್ತೀನಿ, ಹೇಗೂ ಆರು ತಿಂಗಳಿಗೆ ಕೇಳ್ತೀರ. ಮೊದಲ ಪಿಎಸ್5ನಲ್ಲಿ 825 ಜಿಬಿ ಅಂತ ಇದ್ದರೂ ಕೈಗೆ ಸಿಗೋದು 667. ಸ್ಲಿಮ್ 1 ಟಿಬಿ. ಹಾಕಬೇಕಾದ್ದು ಎಂ.2 ಎನ್‌ವಿಎಂಇ, ಪಿಸಿಐಇ 4ನೇ ತಲೆಮಾರು, ಓದುವ ವೇಗ ಸೆಕೆಂಡಿಗೆ 5500 ಎಂಬಿ ಅಥವಾ ಮೇಲೆ. ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 3ನೇ ತಲೆಮಾರಿನದ್ದು ಆಗಲ್ಲ. ಅಳತೆ ಸಾಮಾನ್ಯವಾಗಿ 2280, ಅಂದ್ರೆ 22 ಮಿಲಿಮೀಟರ್ ಅಗಲ, 80 ಉದ್ದ. ಹೀಟ್ ಸಿಂಕ್ ಬೇಕೇ ಬೇಕು, ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಕಂಪ್ಯೂಟರ್‌ಗೆ ಅಂತ ಬರೋ ದಪ್ಪ ಹೀಟ್ ಸಿಂಕ್ ಹಾಕಿದರೆ ಮುಚ್ಚಳ ಕೂರಲ್ಲ.

ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ ತಂತಿಗಳೆಲ್ಲ ತೆಗೀರಿ. ಕವರ್ ಸರಿಸಿ, ಎಸ್‌ಎಸ್‌ಡಿ ಜಾಗದ ಮುಚ್ಚಳದ ಒಂದು ಸ್ಟಾರ್ (ಪ್ಲಸ್ ಆಕಾರದ) ಸ್ಕ್ರೂ ಬಿಚ್ಚಿ. ಒಳಗೆ ಇನ್ನೊಂದು ಸ್ಕ್ರೂ, ಅದರ ಕೆಳಗೆ ಸಣ್ಣ ಬಳೆಯಂಥ ಸ್ಪೇಸರ್ ಇರುತ್ತೆ. ಅದನ್ನ 80 ಅಂತ ಬರೆದಿರೋ ತೂತಿಗೆ ಬದಲಾಯಿಸಿ. ಇಲ್ಲೇ ಜಾಸ್ತಿ ತಪ್ಪಾಗೋದು: ಸ್ಪೇಸರ್ ಮರೆತು ಸ್ಕ್ರೂ ಬಿಗಿದರೆ ಎಸ್‌ಎಸ್‌ಡಿ ಬಾಗುತ್ತೆ. ಓರೆಯಾಗಿ ತೂರಿಸಿ, ಪೂರ್ತಿ ಒಳಗೆ ಹೋದ ಮೇಲೆ ಒತ್ತಿ ಸ್ಕ್ರೂ ಹಾಕಿ. ಆನ್ ಮಾಡಿದ ತಕ್ಷಣ ಫಾರ್ಮ್ಯಾಟ್ ಮಾಡ್ಲಾ ಅಂತ ಅದೇ ಕೇಳುತ್ತೆ. ಕೇಳಲಿಲ್ಲ ಅಂದ್ರೆ ಸರಿಯಾಗಿ ಕೂತಿಲ್ಲ.

ಕೊರಟಗೆರೆ

ಪಿಎಸ್6 ಬರೋವರೆಗೂ ಕಾಯಬಾರದಾ? ಈಗ ತಗೊಂಡಿದ್ದು ನಾಳೆ ‘ಹಳೇ ಜೆನ್’ ಆಗಲ್ವಾ?

ಶಿರಾ ಗೇಟ್, ತುಮಕೂರು

ಪ್ಲೇಸ್ಟೇಷನ್ ಇಸವಿಗಳು 1994, 2000, 2006, 2013, 2020. ಆರಾರು, ಆಮೇಲೆ ಏಳೇಳು ವರ್ಷ. ಪಿಎಸ್6ಗೆ ತಾರೀಖು ಘೋಷಿಸಿಲ್ಲ. ಬಂದ ದಿನವೇ ಪಿಎಸ್5 ಸಾಯೋದೂ ಇಲ್ಲ. 2020ರಲ್ಲಿ ಪಿಎಸ್5 ಬಂದರೂ ಹೊರೈಜನ್ ಫರ್ಬಿಡನ್ ವೆಸ್ಟ್, ಗ್ರ್ಯಾನ್ ಟುರಿಸ್ಮೊ 7, ರ‍್ಯಾಗ್ನರಾಕ್ ಎಲ್ಲ 2022ರಲ್ಲಿ ಪಿಎಸ್4ಗೂ ಬಂದವು, ಕಾಲ್ ಆಫ್ ಡ್ಯೂಟಿ 2025ರಲ್ಲೂ ಬಂತು. ಇಲ್ಲಿಗೆ ತಡವಾಗಿ ಬರೋದೂ ಲೆಕ್ಕಕ್ಕೆ ತಗೊಳ್ಳಿ: ಹೊರಗೆ 2020ರ ನವೆಂಬರ್, ಭಾರತಕ್ಕೆ 2021ರ ಫೆಬ್ರವರಿ 2. ಆಮೇಲೂ ತಿಂಗಳುಗಟ್ಟಲೆ ಸ್ಟಾಕ್ ಇರಲಿಲ್ಲ.

ಟೌನ್ ಹಾಲ್ ಹತ್ತಿರ, ರಿಪೇರಿ ಕೆಲಸದವರು

ಹೊಸದಾಗಿ ತಗೊಳ್ಳೋದಾದ್ರೆ ಪೆಟ್ಟಿಗೆ ಮೇಲೆ ಮಾಡೆಲ್ ನಂಬರ್ ನೋಡಿ. ಸ್ಲಿಮ್‌ಗೆ ಸಿಎಫ್‌ಐ 2008 ಅಂತ ಇದ್ರೆ ಭಾರತದ್ದು, ಇಲ್ಲಿನ ವಾರಂಟಿ ಒಂದು ವರ್ಷ. ಕೊನೆಯ ಎರಡು ಅಂಕಿ ಬೇರೆ ಇದ್ರೆ ಬೇರೆ ದೇಶದ್ದು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಇಲ್ಲಿ ಬಿಡುಗಡೆ ಆದಾಗ ಡಿಸ್ಕ್ ಮಾದರಿ 54,990, ಡಿಜಿಟಲ್ 44,990 ಇತ್ತು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆ ಮೇಲಿಂದೂ ಕನ್ಸೋಲ್ ಹಿಂದಿಂದೂ ಒಂದೇನಾ ಹೋಲಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಅವರ ಮನೆಯಲ್ಲೇ ಆನ್ ಮಾಡಿಸಿ. ನಿಮ್ಮ ಖಾತೆಯಲ್ಲಿ ಆನ್‌ಲೈನ್ ಲಾಗಿನ್ ಆಗ್ತಾ ನೋಡಿ; ಬ್ಯಾನ್ ಆದದ್ದು ಆಗಲ್ಲ. ಡಿಸ್ಕ್ ಹಾಕಿ ತೆಗೀರಿ. ಎಚ್‌ಡಿಎಂಐ ಚುಚ್ಚಿ ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲ. ಕಂಟ್ರೋಲರ್ ಮೇಜಿನ ಮೇಲಿಟ್ಟು ಮುಟ್ಟದೆ ಒಂದು ನಿಮಿಷ ಮೆನು ನೋಡಿ, ತಾನಾಗೇ ಸರಿದರೆ ಸ್ಟಿಕ್ ಹೋಗಿದೆ. ಕೊನೆಗೆ ಭಾರೀ ಆಟ ಅರ್ಧ ಗಂಟೆ ಓಡಿಸಿ. ಹತ್ತು ನಿಮಿಷದ್ದು ಸಾಲದು, ಬಿಸಿಯಾಗಿ ಆಫ್ ಆಗೋ ಪೀಸ್‌ಗಳು ಇಪ್ಪತ್ತು ನಿಮಿಷ ಆದ ಮೇಲೇ ಬಣ್ಣ ತೋರಿಸೋದು.